ಅಮ್ಮನ ಹೊಲಿಗೆ ಡಬ್ಬಿ, ಮಗನ ಗಿಟಾರು

ನಿಮ್ಮ ಹೊಲಿಗೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಏನೇನಿದೆ ಅದರಲ್ಲಿ? ಜೊತೆ ತಪ್ಪಿದ ಗುಂಡಿಗಳು, ತುಕ್ಕು ಹಿಡಿದ ಹುಕ್ಕು, ಸಿಕ್ಕು ಬಿದ್ದ ದಾರದ ಉಂಡೆ, ಜೋಡಿ ಕಳೆದುಕೊಂಡ ಒಂದು ಹೆಣಿಗೆ ಕಡ್ಡಿ. ಪ್ರತಿ ಹಬ್ಬಕ್ಕೆ ಮನೆ ಸಾರಿಸಿ ಗುಡಿಸುವಾಗ “ಇದನ್ನೆಲ್ಲಾ ಬಿಸಾಡಬೇಕು” ಅಂದುಕೊಳ್ಳುತ್ತೀರಿ. ಆಮೇಲೆ “ಇರಲಿ, ಯಾವುದಕ್ಕಾದರೂ ಆದೀತು” ಅಂತ ಮತ್ತೆ ಮುಚ್ಚಿಡುತ್ತೀರಿ. ಅಲ್ಲವೇ?

ಯಾವುದಕ್ಕಾದರೂ ಅಂದರೆ ಯಾವುದಕ್ಕೆ? ಅಂಥದೇ ಒಂದು ಡಬ್ಬಿಯಿಂದ ಹೊರಟ ಗುಂಡಿಗಳೂ ಒಂದು ಹೆಣಿಗೆ ಕಡ್ಡಿಯೂ ಸೇರಿದ ಗಿಟಾರೊಂದು 2002ರಲ್ಲಿ ಇಂಗ್ಲೆಂಡಿನ ರಾಣಿಯ ಅರಮನೆಯ ತಾರಸಿಯ ಮೇಲೆ ನುಡಿಯಿತು ಎಂದರೆ ನಂಬುತ್ತೀರಾ? ಕಟ್ಟುಕತೆ ಅಲ್ಲ, ನಡೆದದ್ದು. “ಗಿಟಾರು ಕಟ್ಟಿಕೊಂಡು ನಮಗೇನಾಗಬೇಕು?” ಎಂದು ಹಾಳೆ ಮಗುಚಬೇಡಿ. ಒಲೆ ಸಣ್ಣಗೆ ಮಾಡಿ ಹತ್ತು ನಿಮಿಷ ಕೂತು ಓದಿ. ಈ ಕತೆಯಲ್ಲಿ ಬರುವ ತಕ್ಕಡಿ, ರಾಟೆ, ಬೆಂಕಿಕಡ್ಡಿ ಎಲ್ಲವೂ ನಿಮಗೆ ಗೊತ್ತಿರುವಂಥವೇ. ಅಪ್ಪ ಮಗನ ಮುನಿಸಂತೂ ಗೊತ್ತೇ ಇದೆ!

ಕೊಳ್ಳಲು ದುಡ್ಡಿಲ್ಲ, ಮಾಡಲು ಕೈ ಇದೆ

1963ರ ಆಗಸ್ಟ್ ತಿಂಗಳು. ಲಂಡನ್ನಿನ ಪಶ್ಚಿಮ ದಿಕ್ಕಿಗಿರುವ ಫೆಲ್ಥಂ ಎಂಬ ಊರು. ಅಲ್ಲಿ ಹೆರಾಲ್ಡ್ ಮೇ, ರೂತ್ ಮೇ ಎಂಬ ದಂಪತಿಗಳ ಸಾಧಾರಣ ಸಂಸಾರ. ಒಬ್ಬನೇ ಮಗ ಬ್ರಯಾನ್, ವಯಸ್ಸು ಹದಿನಾರು. ಏಳನೆಯ ಹುಟ್ಟುಹಬ್ಬಕ್ಕೆ ಅವನಿಗೊಂದು ಸಾದಾ ಗಿಟಾರು ಸಿಕ್ಕಿತ್ತು. ತಂತಿಯ ಮೇಲೆ ಬೆರಳಿಡುವುದನ್ನು ಮೊದಲು ತೋರಿಸಿಕೊಟ್ಟವರು ಅಪ್ಪನೇ. ಆದರೆ ಅದು ವಿದ್ಯುತ್ ಗಿಟಾರಿನ ಕಾಲ. ಊರಿನ ಹುಡುಗರೆಲ್ಲ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತು ಅಮೆರಿಕದ ಫೆಂಡರ್ ಗಿಟಾರುಗಳನ್ನು ನೋಡಿ ಆಸೆಪಡುತ್ತಿದ್ದ ಕಾಲ. ಅದನ್ನು ಕೊಳ್ಳುವ ಶಕ್ತಿ ಈ ಸಂಸಾರಕ್ಕೆ ಇರಲಿಲ್ಲ.

ಇಂಥ ಹೊತ್ತಿನಲ್ಲಿ ನಾವಾದರೆ ಏನು ಹೇಳುತ್ತೇವೆ? “ಓದೋ ವಯಸ್ಸಲ್ಲಿ ಅದೆಲ್ಲಾ ಯಾಕೋ? ಪಾಸಾಗು, ಆಮೇಲೆ ನೋಡೋಣ.” ಹೆರಾಲ್ಡ್ ಹಾಗನ್ನಲಿಲ್ಲ. ಅವರು ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ನಕ್ಷೆ ಬರೆಯುವ, ಎಲೆಕ್ಟ್ರಾನಿಕ್ಸ್ ಬಲ್ಲ ನೌಕರರು. ಬೇಕಾದ್ದನ್ನು ಕೈಯಾರೆ ಮಾಡಿಕೊಳ್ಳುವ ಮನುಷ್ಯ. “ಕೊಳ್ಳಲಾಗದಿದ್ದರೆ ಏನಂತೆ, ಮಾಡೋಣ” ಎಂಬ ದಾರಿ ಹಿಡಿದರು. ಮನೆಯ ಒಂದು ಕೋಣೆಯೇ ಕಾರ್ಖಾನೆಯಾಯಿತು.

ಆ ಕೋಣೆ ಎರಡು ವರ್ಷ ಮರದ ಪುಡಿ, ಲೋಹದ ಪುಡಿಯಿಂದ ತುಂಬಿಹೋಯಿತು. ಅದನ್ನು ಸಹಿಸಿಕೊಂಡ ಗೃಹಿಣಿಯ ತಾಳ್ಮೆ ಎಂಥದು ಎಂಬುದನ್ನು ಯಾವ ಸಂಗೀತದ ಪುಸ್ತಕವೂ ಬಣ್ಣಿಸುವುದಿಲ್ಲ. ನಮಗಂತೂ ಗೊತ್ತು, ಬಿಡಿ.

ಗುಜರಿಯೇ ಬಂಡವಾಳ

ಸಾಮಾನು ಎಲ್ಲಿಂದ ಬಂತು ಗೊತ್ತೇ? ಆ ಚಳಿ ದೇಶದಲ್ಲಿ ಹಜಾರದ ಗೋಡೆಯಲ್ಲೇ ಬೆಂಕಿಗೂಡು ಇರುತ್ತದೆ. ಅದರ ಸುತ್ತ ಮರದ ಚೌಕಟ್ಟು ಕೂರಿಸಿರುತ್ತಾರೆ. ಪರಿಚಯದವರೊಬ್ಬರು ಎಸೆಯಲಿದ್ದ ಅಂಥ ಹಳೆಯ ಚೌಕಟ್ಟಿನ ಮಹಾಗನಿ ಮರ ಗಿಟಾರಿನ ಕತ್ತಾಯಿತು. ನೂರು ವರ್ಷ ಕಂಡ ಮರ, ಅಲ್ಲಲ್ಲಿ ಹುಳು ಕೊರೆದ ತೂತು ಬೇರೆ. ಆ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮರ, ಜೊತೆಗೆ ಅಗ್ಗದ ಹಲಗೆ. ಮೇಲೆ ಚೆಂದಕ್ಕೆ ಮಹಾಗನಿಯ ತೆಳು ಪದರ. ಅಂಚಿಗೆ ಸುತ್ತಿದ್ದು ಅಡುಗೆಮನೆಯ ಕಪಾಟಿನ ಹಲಗೆಗೆ ಅಂಟಿಸುವಂಥ ಬಿಳಿ ಪ್ಲಾಸ್ಟಿಕ್ ಪಟ್ಟಿ.

ವೀಣೆಯಂತೆ ಗಿಟಾರಿಗೂ ಮೆಟ್ಟಿಲುಗಳಿವೆ. ಬೆರಳು ದಾರಿ ತಪ್ಪದಿರಲೆಂದು ನಡುನಡುವೆ ಹೊಳೆಯುವ ಚುಕ್ಕಿ ಕೂರಿಸುತ್ತಾರೆ. ಆ ಚುಕ್ಕಿಗಳಿಗೆ ಬೇಕಾದದ್ದು ಸಿಕ್ಕಿದ್ದು ರೂತ್ ಅವರ ಹೊಲಿಗೆ ಡಬ್ಬಿಯಲ್ಲಿ: ಮುತ್ತಿನ ಚಿಪ್ಪಿನ ಗುಂಡಿಗಳು. ಅವನ್ನು ಒಂದೊಂದಾಗಿ ಉಜ್ಜಿ, ಅಳತೆಗೆ ತಂದು, ಮರದಲ್ಲಿ ಕೂರಿಸಿದರು.

ಆದರೆ ಇವೆಲ್ಲ ಮರಗೆಲಸ. ನಿಜವಾದ ಪರೀಕ್ಷೆ ಕಾದಿದ್ದು ಟ್ರೆಮೊಲೋ ಎಂಬ ಒಂದು ಸಣ್ಣ ಯಂತ್ರದಲ್ಲಿ.

ಟ್ರೆಮೊಲೋ ಅಂದರೇನು?

ವೀಣೆ ಕೇಳಿದ್ದೀರಲ್ಲ? ವೈಣಿಕರು ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದಾಗ ಸ್ವರ ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ. ನಮ್ಮ ಗಮಕದ ಸೊಗಸೆಲ್ಲ ಆ ಎಳೆತದಲ್ಲಿದೆ. ಗಿಟಾರಿನಲ್ಲೂ ಬೆರಳಿನಿಂದ ಹಾಗೆ ಮಾಡಬಹುದು. ಆದರೆ ಆರೂ ತಂತಿಗಳ ಸ್ವರವನ್ನು ಒಟ್ಟಿಗೇ ತೂಗಾಡಿಸಬೇಕಾದರೆ? ಅದಕ್ಕೇ ತಂತಿಗಳ ಬುಡದಲ್ಲಿ ಒಂದು ಅಲುಗುವ ಭಾಗ, ಅದಕ್ಕೊಂದು ಹಿಡಿ. ಹಿಡಿ ಅದುಮಿದರೆ ತಂತಿಗಳು ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ಮತ್ತೆ ಬಿಗಿದು ಮೇಲೆ ಬರುತ್ತದೆ. ಇದಕ್ಕೆ ಟ್ರೆಮೊಲೋ ಎಂದು ಹೆಸರು ಬಿದ್ದಿದೆ. ನಿಜಕ್ಕೂ ಆ ಪದಕ್ಕೆ ಸದ್ದು ದೊಡ್ಡದು ಚಿಕ್ಕದಾಗಿ ನಡುಗುವುದು ಎಂದರ್ಥ. ಸ್ವರ ಏರಿಳಿಯುವುದಕ್ಕೆ ವೈಬ್ರಾಟೋ ಎನ್ನಬೇಕು. ಫೆಂಡರ್ ಕಂಪನಿ 1954ರಲ್ಲಿ ತಂದ ಗಿಟಾರಿನೊಂದಿಗೆ ಈ ತಪ್ಪು ಹೆಸರೇ ಗಟ್ಟಿಯಾಗಿ ಬೇರೂರಿತು. ಕರೆದ ಹೆಸರೇ ಹೆಸರು ಅನ್ನೋಣ.

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಮುಚ್ಚಳ ತೆಗೆದ ಒಂದು ಡಬ್ಬಿಗೆ ಅಡ್ಡಲಾಗಿ ರಬ್ಬರ್ ಬ್ಯಾಂಡ್ ಹಾಕಿ ಮೀಟಿ. ‘ಟುಂಯ್’ ಎನ್ನುತ್ತದೆ. ಈಗ ಡಬ್ಬಿಯ ಪಕ್ಕದಲ್ಲಿರುವ ರಬ್ಬರನ್ನು ಬೆರಳಿನಿಂದ ಕೆಳಗೆಳೆದು ಮೀಟಿ. ಸ್ವರ ಏರಿತೇ? ಬಿಟ್ಟು ಮತ್ತೆ ಮೀಟಿ. ಮೊದಲಿನ ಸ್ವರಕ್ಕೇ ಬಂದಿತೇ? ಎಷ್ಟೋ ಸಲ ಪೂರ್ತಿ ಬರುವುದಿಲ್ಲ. ಕಾರಣವೇನೆಂದರೆ ಡಬ್ಬಿಯ ಅಂಚಿಗೆ ರಬ್ಬರು ಉಜ್ಜಿ ಅಲ್ಲೇ ಹಿಡಿದುಕೊಂಡಿರುತ್ತದೆ.

ಆ ಕಾಲದ ಎಷ್ಟೋ ಟ್ರೆಮೊಲೋಗಳ ರೋಗ ಇದೇ. ಹಿಡಿ ಅದುಮಿ ಬಿಟ್ಟರೆ ತಂತಿ ತನ್ನ ಜಾಗಕ್ಕೆ ಸರಿಯಾಗಿ ಮರಳುತ್ತಿರಲಿಲ್ಲ. ಶ್ರುತಿ ತಪ್ಪುತ್ತಿತ್ತು. ಹಾಡಿನ ನಡುವೆ ಶ್ರುತಿ ಹೋದರೆ ಸಾರಿಗೆ ಉಪ್ಪು ಎರಡು ಸಲ ಬಿದ್ದ ಹಾಗೆ, ಏನು ಮಾಡಿಯೂ ಪ್ರಯೋಜನವಿಲ್ಲ.

ತಕ್ಕಡಿ ಮತ್ತು ರಾಟೆ

ಅಪ್ಪ ಮಗ ಕೂತು ಯೋಚಿಸಿದರು. ರೋಗದ ಬೇರು ಉಜ್ಜಾಟ. ಹಾಗಾದರೆ ಎಲ್ಲೆಲ್ಲಿ ಉಜ್ಜುತ್ತದೆ? ಮೂರು ಕಡೆ: ಟ್ರೆಮೊಲೋ ತೂಗುವ ಕಡೆ, ತಂತಿ ಕುದುರೆಯ ಮೇಲೆ ಹಾಯುವ ಕಡೆ, ತಂತಿ ಬಿರಡೆಯತ್ತ ಹೋಗುವ ಕಡೆ. ಮೂರಕ್ಕೂ ಮದ್ದು ಹುಡುಕಬೇಕು.

ಮೊದಲನೆಯದಕ್ಕೆ ಮದ್ದು ನಮ್ಮ ಹಳೇ ಶೆಟ್ಟರ ಅಂಗಡಿಯ ತಕ್ಕಡಿಯಲ್ಲಿದೆ. ತಕ್ಕಡಿಯ ದಂಡಿ ನಡುವೆ ಯಾವುದರ ಮೇಲೆ ನಿಂತಿರುತ್ತದೆ, ಗಮನಿಸಿದ್ದೀರಾ? ಚೂರಿಯ ಬಾಯಿಯಂಥ ಚೂಪಾದ ಉಕ್ಕಿನ ಅಂಚಿನ ಮೇಲೆ. ತಾಗುವ ಜಾಗ ಕೂದಲೆಳೆಯಷ್ಟು. ಅದಕ್ಕೇ ಉಜ್ಜಾಟ ಇಲ್ಲ, ಎರಡು ಕಾಳು ಹೆಚ್ಚು ಬಿದ್ದರೂ ದಂಡಿ ವಾಲುತ್ತದೆ. ಅಪ್ಪ ಮಗ ಮಾಡಿದ್ದು ಇದನ್ನೇ. ಗಟ್ಟಿ ಉಕ್ಕಿನ ಹಳೆಯ ಚೂರಿಯಂಚೊಂದನ್ನು ‘ವಿ’ ಆಕಾರಕ್ಕೆ ತಂದು, ಟ್ರೆಮೊಲೋ ಅದರ ಮೇಲೆ ತೂಗುವಂತೆ ಮಾಡಿದರು. ಉಕ್ಕು ಗಟ್ಟಿಯದೇ ಬೇಕು. ಮೆದು ಕಬ್ಬಿಣವಾದರೆ ನಾಲ್ಕು ದಿನದಲ್ಲಿ ಅಂಚು ಮೊಂಡಾಗಿ ಮತ್ತೆ ಉಜ್ಜತೊಡಗುತ್ತದೆ. ಮೊಂಡು ಈಳಿಗೆಮಣೆಯಲ್ಲಿ ಬೀನ್ಸ್ ಹೆಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಕ್ಕಡಿ ಎಂದಮೇಲೆ ಎರಡು ಕಡೆಯೂ ತೂಕ ಬೇಕಲ್ಲ? ಒಂದು ಕಡೆ ಆರು ತಂತಿಗಳ ಎಳೆತ. ತೆಳು ತಂತಿ ಹಾಕಿದರೂ ಆರೂ ಸೇರಿ ಸುಮಾರು ನಲವತ್ತು ಕಿಲೋ ಭಾರದಷ್ಟು ಎಳೆಯುತ್ತವೆ. ಅಷ್ಟು ಸಣ್ಣ ಉಕ್ಕಿನ ಅಂಚಿನ ಮೇಲೆ ಒಂದು ಅಕ್ಕಿ ಮೂಟೆ ಕೂತ ಹಾಗೆ! ಇದಕ್ಕೆ ಎದುರಾಗಿ ಒತ್ತಿ ನಿಲ್ಲಲು ಬಲವಾದ ಸ್ಪ್ರಿಂಗು ಬೇಕು. ಅದು ಸಿಕ್ಕಿದ್ದು 1928ರ ಒಂದು ಪ್ಯಾಂಥರ್ ಮೋಟಾರ್ ಸೈಕಲ್ಲಿನಲ್ಲಿ. ಅದರ ಎಂಜಿನ್ನಿನ ವಾಲ್ವಿನ ಎರಡು ಸ್ಪ್ರಿಂಗುಗಳು. ಎಂಜಿನ್ನಿನ ಒಳಗೆ ಲಕ್ಷಾಂತರ ಸಲ ಅದುಮಿಸಿಕೊಂಡು ಎದ್ದು ನಿಲ್ಲುವುದೇ ಅವುಗಳ ಹುಟ್ಟುಗುಣ. ಗಿಟಾರಿನಲ್ಲೂ ಬೇಕಾದದ್ದು ಅದೇ ತಾನೆ? ಸ್ಪ್ರಿಂಗುಗಳ ನಡುವೆ ಬೋಲ್ಟು ಹಾಯಿಸಿ, ತಿರುಗಿಸಿ ಬಿಗಿ ಸಡಿಲ ಮಾಡಿಕೊಳ್ಳುವ ಅನುಕೂಲವನ್ನೂ ಇಟ್ಟರು.

ಎರಡನೆಯ ಮದ್ದು ಬಾವಿಯ ರಾಟೆಯಲ್ಲಿದೆ. ಕಟ್ಟೆಯ ಕಲ್ಲಿಗೆ ಉಜ್ಜಿಕೊಂಡು ಹಗ್ಗ ಎಳೆಯುವುದಕ್ಕೂ ರಾಟೆಯ ಮೇಲೆ ಎಳೆಯುವುದಕ್ಕೂ ಎಷ್ಟು ವ್ಯತ್ಯಾಸ! ಕುದುರೆಯ ಮೇಲೆ ಒಂದೊಂದು ತಂತಿಗೂ ಒಂದೊಂದು ಪುಟ್ಟ ಉರುಳೆ ಕೂರಿಸಿದರು. ತಂತಿ ಹಿಂದೆ ಮುಂದೆ ಸರಿದಾಗ ಉರುಳೆಯೂ ಹೊರಳುತ್ತದೆ, ಉಜ್ಜುವುದಿಲ್ಲ.

ಮೂರನೆಯ ಮದ್ದು ಇನ್ನೂ ಸರಳ. ಬಿರಡೆಗಳ ಹತ್ತಿರ ತಂತಿಗೆ ಡೊಂಕು ತಿರುವು ಇಲ್ಲದಂತೆ, ಆದಷ್ಟು ನೇರವಾಗಿ ಹೋಗುವ ದಾರಿ ಮಾಡಿದರು. ತಂತಿಯ ಎತ್ತರ ಹಿಡಿಯಲು ಅಲ್ಲೊಂದು ಹೆಚ್ಚುವರಿ ಮೆಟ್ಟಿಲು ಇಟ್ಟರು.

ಕಡೆಗೆ ಉಳಿದದ್ದು ಹಿಡಿ. ಸೈಕಲ್ ಸೀಟಿನ ಹಿಂದೆ ಚೀಲ ನೇತುಹಾಕುವ ಕಂಬಿ ಇರುತ್ತದಲ್ಲ, ಅಂಥ ಹಳೆಯದೊಂದು ಕಂಬಿಯಿಂದ ಹಿಡಿ ಆಯಿತು. ಆದರೆ ಕಂಬಿಯ ಬೋಳು ತುದಿ ಬೆರಳಿಗೆ ಒತ್ತದೇ? ಮೃದುವಾದ ಒಂದು ತುದಿ ಬೇಕು. ಅದಕ್ಕೂ ಆಗಿಬಂದದ್ದು ಅಮ್ಮನ ಸಾಮಾನೇ, ಒಂದು ಪ್ಲಾಸ್ಟಿಕ್ ಹೆಣಿಗೆ ಕಡ್ಡಿ. ಅದರ ತುದಿ ಕಂಬಿಯ ತಲೆಯ ಮೇಲೆ ಕೂತಿತು.

ಇಷ್ಟೂ ಕೆಲಸ ಒಂದೇ ಪೆಟ್ಟಿಗೆ ಆಯಿತೆಂದು ತಿಳಿಯಬೇಡಿ. ಹೊಸ ರವಿಕೆ ಕತ್ತರಿಸುವ ಮೊದಲು ನೀವು ಹಳೇ ಪತ್ರಿಕೆಯ ಮೇಲೆ ಗೆರೆ ಹಾಕಿ ಕತ್ತರಿಸಿ ನೋಡುವುದಿಲ್ಲವೇ? ಚಕ್ಕುಲಿ ಹಿಟ್ಟು ಕಲಸಿ ಮೊದಲು ಒಂದೇ ಒಂದನ್ನು ಎಣ್ಣೆಗೆ ಬಿಟ್ಟು ನೋಡುವುದಿಲ್ಲವೇ? ಯಂತ್ರ ಮಾಡುವವರದೂ ಅದೇ ಕ್ರಮ. ಮೊದಲು ಮಾದರಿ, ತಪ್ಪು ಕಂಡರೆ ಬೇರೆ ಮಾದರಿ. ಹೆರಾಲ್ಡ್ ಮತ್ತು ಬ್ರಯಾನ್ ಕೂಡ ಬೇರೆ ಬಗೆಗಳನ್ನು ಮಾಡಿ ನೋಡಿ ಬಿಟ್ಟಮೇಲೇ ಈ ಚೂರಿಯಂಚಿಗೆ ಬಂದದ್ದು. ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿಗಳನ್ನೂ ಮೊದಲು ಮನೆಯಲ್ಲೇ ಸುತ್ತಿದ್ದರು. ತಂತಿ ಪಕ್ಕಕ್ಕೆ ಎಳೆದಾಗ ಸದ್ದು ಹಿತವಾಗಿ ಬರಲಿಲ್ಲ. ಹಟ ಮಾಡದೆ ಮೂರು ಸುರುಳಿಗಳನ್ನು ಅಂಗಡಿಯಿಂದಲೇ ತಂದರು. ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಜಂಬ ಅವರಿಗಿರಲಿಲ್ಲ. ಇದೂ ಕಲಿಯಬೇಕಾದ ಮಾತೇ.

ಎರಡು ವರ್ಷಕ್ಕೆ ಗಿಟಾರು ಸಿದ್ಧವಾಯಿತು. ಬಣ್ಣ ಕೆಂಗಂದು, ಹೆಸರು ‘ರೆಡ್ ಸ್ಪೆಷಲ್’. ಖರ್ಚು ಎಂಟು ಪೌಂಡು ಎಂದು ಹೇಳುತ್ತಾರೆ. ಆಗಿನ ಲೆಕ್ಕದಲ್ಲಿ ನಮ್ಮ ನೂರು ಚಿಲ್ಲರೆ ರೂಪಾಯಿ.

ಅಪ್ಪನ ನೋವು

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸಂಸಾರ ಅಂದಮೇಲೆ ಅಷ್ಟು ಸುಲಭವೇ?

ಬ್ರಯಾನ್ ಓದಿನಲ್ಲೂ ಜಾಣ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಸೂರ್ಯನ ಸುತ್ತ ಆಕಾಶದಲ್ಲಿ ಹರಡಿರುವ ಧೂಳಿನ ಬಗ್ಗೆ ಡಾಕ್ಟರೇಟ್ ಸಂಶೋಧನೆಗೆ ತೊಡಗಿದ. ಹೆತ್ತವರಿಗೆ ಇನ್ನೇನು ಬೇಕು? ಇತ್ತ 1970ರಲ್ಲಿ ಗೆಳೆಯರ ಜೊತೆ ಸೇರಿ ‘ಕ್ವೀನ್’ ಎಂಬ ವಾದ್ಯಗೋಷ್ಠಿ ಕಟ್ಟಿದ್ದ. ಅದರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಹುಟ್ಟು ಹೆಸರು ಫರೂಖ್ ಬಲ್ಸಾರಾ. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ, ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದವನು. ಅವನ ಮನೆಯವರು 1964ರಲ್ಲಿ ಬಂದು ನೆಲೆಸಿದ್ದೂ ಅದೇ ಫೆಲ್ಥಂನಲ್ಲಿ. ಋಣಾನುಬಂಧ ಅನ್ನಬೇಕು.

1974ರ ಹೊತ್ತಿಗೆ ಬ್ರಯಾನ್ ಸಂಶೋಧನೆ ಬಿಟ್ಟು ಪೂರ್ತಿ ಸಂಗೀತಕ್ಕೆ ಇಳಿದ. ಹೆರಾಲ್ಡ್ ಅವರಿಗೆ ತುಂಬಾ ನೋವಾಯಿತು. ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಮಗ ಅರ್ಧಕ್ಕೆ ಕೈಬಿಟ್ಟನಲ್ಲಾ! ಅದೂ ಯಾವುದಕ್ಕಾಗಿ? ತಾವೇ ಎರಡು ವರ್ಷ ಪಕ್ಕದಲ್ಲಿ ಕೂತು, ಅರ ಹಿಡಿದು ಉಜ್ಜಿ ಮಾಡಿಕೊಟ್ಟ ಗಿಟಾರಿಗಾಗಿ! ಅಪ್ಪನ ಲೆಕ್ಕದಲ್ಲಿ ಗಿಟಾರು ಸಂಜೆಯ ಹವ್ಯಾಸ. ಮಗನಿಗೆ ಅದೇ ಬದುಕಾಗಿತ್ತು. ಇಬ್ಬರ ನಡುವೆ ಮಾತು ಕಡಿಮೆಯಾದ ದಿನಗಳೂ ಇದ್ದವು. ನಡುವೆ ನಿಂತ ತಾಯಿಯ ಪಾಡನ್ನು ನೀವೇ ಊಹಿಸಿಕೊಳ್ಳಿ.

ಕೆಲವು ವರ್ಷಗಳ ಮೇಲೆ ಮಗ ಅಪ್ಪ ಅಮ್ಮ ಇಬ್ಬರನ್ನೂ ಕಾಂಕಾರ್ಡ್ ವಿಮಾನದಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡ. ಅಲ್ಲಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಸಭಾಂಗಣದಲ್ಲಿ ಸಾವಿರಾರು ಜನರ ನಡುವೆ ಕೂತು ಹೆರಾಲ್ಡ್ ಮಗನ ವಾದನ ಕೇಳಿದರು. ಕಾರ್ಯಕ್ರಮ ಮುಗಿದಮೇಲೆ, ಈಗ ನನಗೆ ಅರ್ಥವಾಯಿತು ಎಂಬಂಥ ಮಾತನ್ನು ಮಗನಿಗೆ ಹೇಳಿದರಂತೆ. ಅಷ್ಟೇ. ಅಪ್ಪಂದಿರು ಇನ್ನೆಷ್ಟು ಮಾತಾಡುತ್ತಾರೆ? ಅಷ್ಟು ಕೇಳಲು ಆ ಮಗ ಎಷ್ಟು ವರ್ಷ ಕಾದಿದ್ದನೋ.

ಬಿಟ್ಟ ಓದಿನ ಕತೆ ಏನಾಯಿತು ಅಂತೀರಾ? ಮೂವತ್ತು ವರ್ಷ ದಾಟಿದ ಮೇಲೆ ಬ್ರಯಾನ್ ಮೇ ಹಳೆಯ ಟಿಪ್ಪಣಿಗಳನ್ನು ಹುಡುಕಿ ತೆಗೆದು, ಮತ್ತೆ ಕೂತು ಬರೆದು, 2007ರಲ್ಲಿ ಅದೇ ಇಂಪೀರಿಯಲ್ ಕಾಲೇಜಿಗೆ ಪ್ರಬಂಧ ಒಪ್ಪಿಸಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ಅರವತ್ತು ವರ್ಷ. ಅರ್ಧಕ್ಕೆ ನಿಂತದ್ದು ಅಲ್ಲಿಗೇ ಮುಗಿಯಿತೆಂದಲ್ಲ. ಮದುವೆಯಾಗಿ ಓದು ನಿಲ್ಲಿಸಿದ ನಮ್ಮಲ್ಲಿ ಎಷ್ಟೋ ಜನ ನೆನಪಿಡಬೇಕಾದ ಮಾತು ಇದು.

ನನ್ನದೊಂದು ತಪ್ಪೊಪ್ಪಿಗೆ

ಈ ಕತೆ ಮೊದಲು ಕೇಳಿದಾಗ ನನಗೆ ಖುಷಿಗಿಂತ ಹೆಚ್ಚಾಗಿ ಸಂಕಟವೇ ಆಯಿತು. ನನ್ನ ಮಗ ಚಿಕ್ಕವನಿದ್ದಾಗ ಮಂಚದ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದ. ಒಳಗೆ ಸೈಕಲ್ ಬೆಲ್ಲಿನ ಸ್ಪ್ರಿಂಗು, ಕೆಟ್ಟ ರೇಡಿಯೋದ ಅಯಸ್ಕಾಂತ, ತಾಮ್ರದ ತಂತಿ. ಒಂದು ಹಬ್ಬದ ಹಿಂದಿನ ದಿನ, ಅವನು ಸ್ಕೂಲಿಗೆ ಹೋದಾಗ, ಹಳೇ ಪೇಪರಿನ ಜೊತೆ ಅದನ್ನೂ ಗುಜರಿಯವನಿಗೆ ಹಾಕಿಬಿಟ್ಟೆ. ಸಂಜೆ ಬಂದು ಹುಡುಕಿದ. ಅಳಲಿಲ್ಲ. “ಎಲ್ಲಮ್ಮಾ?” ಅಂತ ಒಂದೇ ಸಲ ಕೇಳಿದ. ಆಮೇಲೆ ಅಂಥ ಡಬ್ಬಿ ಅವನು ಮತ್ತೆ ಇಡಲೇ ಇಲ್ಲ. ಅವನೇನು ದೊಡ್ಡ ಯಂತ್ರ ಕಂಡುಹಿಡಿಯುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಡಬ್ಬಿ ಅವನದಾಗಿತ್ತು. ಅಷ್ಟು ನನಗೆ ಆಗ ಹೊಳೆಯಲಿಲ್ಲ.

ನಿಮ್ಮ ಮನೆಯಲ್ಲಿ ಹೀಗೆ ಮಾಡಿ

ಬಿಚ್ಚುವ, ಜೋಡಿಸುವ ಗೀಳಿರುವ ಮಗನೋ ಮಗಳೋ ಇದ್ದರೆ ಈ ಕೆಲವು ಮಾತು ನೆನಪಿರಲಿ.

ಒಂದು ಡಬ್ಬಿ, ಒಂದು ಮೂಲೆ ಅವರಿಗೆಂದೇ ಬಿಟ್ಟುಕೊಡಿ. ಹಿತ್ತಲ ಜಗುಲಿಯಾದರೂ ಸರಿ. ಅವರನ್ನು ಕೇಳದೆ ಅದರಿಂದ ಏನನ್ನೂ ಎಸೆಯಬೇಡಿ. ಗುಡಿಸುವ ಕೆಲಸ ಮಾತ್ರ ಅವರದೇ ಎಂದು ಮೊದಲೇ ಕರಾರು ಮಾಡಿಕೊಳ್ಳಿ!

ಚಿಕ್ಕ ಮಕ್ಕಳಿಗೆ ಸ್ಕ್ರೂಡ್ರೈವರ್, ಸ್ಯಾಂಡ್ ಪೇಪರ್ ಸಾಕು. ಗರಗಸ, ಉಳಿ, ಡ್ರಿಲ್ಲಿಂಗ್ ಮಿಷನ್ ಮುಟ್ಟುವಾಗ ದೊಡ್ಡವರು ಪಕ್ಕದಲ್ಲಿರಲೇಬೇಕು. ಲೋಹ ಉಜ್ಜುವಾಗ ಕಣ್ಣಿಗೆ ಕನ್ನಡಕ ಹಾಕಿಸಿ. ಅದುಮಿಟ್ಟ ಸ್ಪ್ರಿಂಗು, ಬಿಗಿದ ತಂತಿ ಚಿಮ್ಮಿದರೆ ಕಣ್ಣಿಗೇ ಅಪಾಯ. ಮುಖ ಹತ್ತಿರ ತರಬಾರದೆಂದು ಹೇಳಿಕೊಡಿ.

ಕೆಟ್ಟದ್ದೇ ಆಗಲಿ, ಟಿ.ವಿ., ಮಿಕ್ಸಿ, ಯುಪಿಎಸ್ ಬಿಚ್ಚಲು ಮಕ್ಕಳಿಗೆ ಬಿಡಬೇಡಿ. ಪ್ಲಗ್ಗು ತೆಗೆದಮೇಲೂ ಒಳಗೆ ಕರೆಂಟು ಉಳಿದಿರಬಹುದು. ಟಾರ್ಚಿನ ಸಾದಾ ಸೆಲ್ಲಿನಿಂದ ನಡೆಯುವ ಆಟಿಕೆಗಳಾದರೆ ಚಿಂತೆಯಿಲ್ಲ.

ಮೊದಲ ಸಲ ಕೆಟ್ಟರೆ ನಗಬೇಡಿ. “ಮಾದರಿ ಅಲ್ವೇ, ಇನ್ನೊಂದು ಮಾಡು” ಅನ್ನಿ. ನಿಮ್ಮ ಮೊದಲ ಮೈಸೂರು ಪಾಕು ಕಲ್ಲಾಗಿತ್ತು ಎಂಬುದನ್ನೂ ಬೇಕಾದರೆ ಹೇಳಿ. ಮಕ್ಕಳಿಗೆ ಧೈರ್ಯ ಬರುತ್ತದೆ.

ಕಡೆಯದು, ನಿಮ್ಮ ಹೊಲಿಗೆ ಡಬ್ಬಿ. ಮಗು ಬಂದು “ಅಮ್ಮಾ, ಈ ಗುಂಡಿ ತಗೊಳ್ಲಾ?” ಅಂತ ಕೇಳಿದರೆ ಯಾಕೆ ಎಂದು ಗದರಬೇಡಿ. ಯಾಕೆ ಎಂದು ಕುತೂಹಲದಿಂದ ಕೇಳಿ. ಎರಡೂ ಒಂದೇ ಪದ. ಸ್ವರ ಮಾತ್ರ ಬೇರೆ.

2002ರ ಜೂನ್ 3ರ ಸಂಜೆ, ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷವಾದ ಉತ್ಸವದಲ್ಲಿ, ಬಕಿಂಗ್‌ಹ್ಯಾಂ ಅರಮನೆಯ ತಾರಸಿಯ ಮೇಲೆ ನಿಂತು ಬ್ರಯಾನ್ ಮೇ ಇದೇ ಗಿಟಾರಿನಲ್ಲಿ ಆ ದೇಶದ ರಾಷ್ಟ್ರಗೀತೆ ನುಡಿಸಿದರು. ಕೆಳಗೆ ಜನಸಾಗರ. ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ, ಆ ಬೆರಳುಗಳ ಕೆಳಗೆ ಸಾಲಾಗಿ ಹೊಳೆಯುತ್ತಿದ್ದದ್ದು ಒಬ್ಬ ಅಮ್ಮನ ಡಬ್ಬಿಯ ಗುಂಡಿಗಳೆಂದು.